ಗಂಜಿ ಹಿಡಿದ ಕೈ

ಕೋವಿಡ್ ಕಳೆದ ಮರುವರ್ಷ ನಾನು ಗಜೇಂದ್ರಗಡದಲ್ಲಿ ಸ್ವಂತ ಫಿಸಿಯೋಥೆರಪಿ ಕ್ಲಿನಿಕ್ ನಡೆಸುತ್ತಿದ್ದೆ. ರೋಣದ ಕಡೆಯಿಂದಲೂ ಜನ ಬಸ್ಸು ಹಿಡಿದು ಬರುತ್ತಿದ್ದರೆಂದರೆ ನನ್ನ ಕೈಗುಣ ಹೇಗಿತ್ತೆಂದು ನೀವೇ ಊಹಿಸಿಕೊಳ್ಳಿ. ಈ ಮಾತು ಹೇಳಲು ನನಗೆ ಸಂಕೋಚವಿಲ್ಲ. ನನ್ನ ಕಸುಬೇ ಕೈಯದು.

ಆಗ ಬಂದವರು ಸೀರೆ ನೇಯುವ ದೇವಕ್ಕ. ಬಲಗೈ ಭುಜದ ಮಟ್ಟಕ್ಕಿಂತ ಮೇಲೇಳುತ್ತಿರಲಿಲ್ಲ. ನೆಲದ ಕುಣಿಯಲ್ಲಿ ಕಾಲು ಇಳಿಬಿಟ್ಟು ನೇಯುವ ಮಗ್ಗ ಅವರದು. ಲಾಳಿ ಓಡಿಸಲು ಮೇಲಿಂದ ಇಳಿಬಿದ್ದ ಹಗ್ಗ ಜಗ್ಗಬೇಕು; ಆ ಹಗ್ಗಕ್ಕೇ ಕೈ ಎಟುಕುತ್ತಿರಲಿಲ್ಲ. ಎಕ್ಸ್‌ರೇಯಲ್ಲಿ ಏನೂ ಕಂಡಿರಲಿಲ್ಲ. ಮಾತ್ರೆ, ಮುಲಾಮು, ಭುಜದ ವ್ಯಾಯಾಮ ಎಲ್ಲ ಮುಗಿದಿದ್ದವು. ಹೆಂಡತಿಯ ನರಳಾಟ ನೋಡಲಾರದೆ ಗಂಡ, ಮಗ್ಗ ತೆಗೆದು ಕುಣಿ ಮುಚ್ಚಿ ನೆಲಕ್ಕೆ ಫರಸಿ ಕಲ್ಲು ಹಾಕಿಸುವ ಮಾತಾಡಿದ್ದರು. ಮದುವೆಯಾಗಿ ಬಂದಂದಿನಿಂದ ಆ ಕುಣಿಯಲ್ಲೇ ಕೂತವರಿಗೆ ಆ ಮಾತು ನೋವಿಗಿಂತ ಹೆಚ್ಚು ಚುಚ್ಚಿತ್ತು.

ಏನಾಗಿದೆ ಎಂದು ಕೇಳಿದೆ.

"ಗಂಜಿ ಹಿಡದೈತ್ರಿ ಬಾಯಾರ."

ನೂಲಿಗೆ ಗಂಜಿ ಹಚ್ಚಿ ಕುಂಚದಿಂದ ಬಿಡಿಸದಿದ್ದರೆ ಎಳೆಗಳು ಅಂಟಿ ಕಟ್ಟಿಗೆಯಾಗುತ್ತವೆ. ನೇಕಾರರ ಚಂದದ ಹೋಲಿಕೆ ಎಂದು ಮೆಚ್ಚಿಕೊಂಡೇ ಭುಜ ಪರೀಕ್ಷಿಸಿದೆ. ಕೀಲಿನಲ್ಲಿ ಅಂಥ ತೊಡಕಿರಲಿಲ್ಲ. ಬೆರಳು ಕಂಕುಳ ಕೆಳಗೆ ಪಕ್ಕೆಗೆ ಬಂದಾಗ ಮಾತ್ರ ಚರ್ಮ ಜಾರಲಿಲ್ಲ. ಸೆರಗು ಸರಿಸಿ ನೋಡಿದರೆ ಅಂಗೈ ಅಗಲದ ಹಳೆಯ ಸುಟ್ಟ ಕಲೆ.

"ಸಣ್ಣಾಕಿ ಇದ್ದಾಗ ಕುದಿಯೋ ಗಂಜಿ ಬಿದ್ದಿತ್ರಿ. ಅದ ಈಗ ಹಿಡದೈತಿ ಅಂತ ಆಗಲೇ ಹೇಳಿದ್ನೆಲ್ರಿ?"

ಹೇಳಿದ್ದರು, ಖರೇ.

ಚರ್ಮದ ಕೆಳಗೆ ಸ್ನಾಯುಗಳನ್ನು ಸುತ್ತಿಕೊಂಡ ತೆಳುಪೊರೆಗೆ ಫೇಸಿಯಾ ಎನ್ನುತ್ತೇವೆ. ಅದರ ಪದರಗಳು ಒಂದರ ಮೇಲೊಂದು ಜಾರಬೇಕು. ಕಲೆಯ ಬಳಿ ಅವು ಅಂಟಿದ್ದವು. ದಿನವೂ ಹಗ್ಗ ಜಗ್ಗುವಾಗ ಹೇಗೋ ಸಡಿಲವಿದ್ದದ್ದು, ಲಾಕ್‌ಡೌನಿನಲ್ಲಿ ಮಗ್ಗ ನಿಂತು ಕೈ ಸುಮ್ಮನಾದಾಗ ಬಿಗಿದುಕೊಂಡಿತ್ತು. ಪಕ್ಕೆಯಲ್ಲಿ ಹಿಡಿದದ್ದು ಭುಜದಲ್ಲಿ ನೋಯುತ್ತಿತ್ತು.

ಎಣ್ಣೆ ಹಚ್ಚದೆ, ಬೆರಳಿನ ನಿಧಾನ ಒತ್ತಡದಲ್ಲಿ ಪೊರೆ ತಾನಾಗಿ ಬಿಡುವವರೆಗೆ ಕಾಯುವುದು ಮಯೋಫೇಸಿಯಲ್ ರಿಲೀಸ್. ದೇವಕ್ಕನಿಗೆ ಇದು ಮುಟ್ಟಿದಂತೆಯೇ ಇರಲಿಲ್ಲ. ಜೋರಾಗಿ ತಿಕ್ಕಲು ಹೇಳಿದರು.

"ಗಂಜಿ ಹಚ್ಚಿದ ನೂಲು ಜೋರ್ ಜಗ್ಗತೀರೇನ್ರಿ?" ಎಂದೆ. ನಕ್ಕು ಪಕ್ಕೆ ಒಡ್ಡಿದರು.

ಕೆಲವು ವಾರ ಹೀಗೇ ನಡೆಯಿತು. ಒಂದು ಮಧ್ಯಾಹ್ನ ಚಿಕಿತ್ಸೆ ಮುಗಿಸಿ ಕೈ ಎತ್ತಲು ಹೇಳಿದೆ. ಕೈ ಭುಜ ದಾಟಿತು, ಕಿವಿ ದಾಟಿತು, ಹಾಸಿಗೆಯ ಸುತ್ತಲಿನ ಪರದೆಯ ಮೇಲ್ತುದಿಗೆ ಮುಟ್ಟಿತು. ಮುಟ್ಟಿದ್ದೇ ತಡ, ಲಾಳಿಯ ಹಗ್ಗವೆಂಬಂತೆ ಜಗ್ಗಿಬಿಟ್ಟರು. ಪರದೆಯ ಕೊಂಡಿಗಳು ಕಿತ್ತು ಬಂದವು. ನನ್ನ ಕಣ್ಣು ತುಂಬಿತು, ಅವರದು ತುಂಬಲಿಲ್ಲ.

"ಹೊರಗ ನಮ್ಮ ಮನಿಯವರು ಕುಂತಾರ. ಫರಸಿ ತರಬ್ಯಾಡ್ರಿ ಅಂತ ನೀವ ಹೇಳ್ರಿ," ಎಂದರು.

ರೋಗಿ ತನ್ನ ನೋವಿಗೆ ಇಟ್ಟ ಹೆಸರನ್ನು ಅಂದಿನಿಂದ ನಾನು ತಿದ್ದಲು ಹೋಗುವುದಿಲ್ಲ. ಮೊದಲು ಆ ಹೆಸರು ಹಿಡಿದೇ ಕೈಯಿಂದ ಹುಡುಕುತ್ತೇನೆ. ಪರದೆ ಈಗಲೂ ಒಂದು ಮೂಲೆಯಲ್ಲಿ ಜೋತುಬಿದ್ದಿದೆ. ಸರಿಮಾಡಿಸಿಲ್ಲ. ಬಂದವರು ಯಾಕೆ ಎಂದು ಕೇಳಲಿ ಅಂತಲೇ ಬಿಟ್ಟಿದ್ದೇನೆ.