ಆಯಿಗೆ ಬಾರಿಸದೆ ಉಳಿದ ಗಂಟೆ

ಹುಣಸೆಹಣ್ಣು ನೆನೆಹಾಕಿ ಹಿತ್ತಾಳೆ ಕೊಡ ತಿಕ್ಕುವಾಗ ಒಂದು ವಾಸನೆ ಬರುತ್ತದೆ ನೋಡ್ರಿ, ಹುಳಿಯೂ ಹೌದು, ಲೋಹದ್ದೂ ಹೌದು. ಬೆರಳ ಸಂದಿಯಲ್ಲಿ ಕುಂತರೆ ಊಟದ ಹೊತ್ತಾದರೂ ಹೋಗುವುದಿಲ್ಲ. ಈಗ ಹಿತ್ತಾಳೆ ಕೊಡ ಯಾರ ಮನೆಯಲ್ಲಿವೆ, ಎಲ್ಲ ಸ್ಟೀಲು, ಪ್ಲಾಸ್ಟಿಕ್ಕು. ಆದರೂ ಎಲ್ಲೋ ಒಂದು ಕಡೆ ಆ ವಾಸನೆ ಮೂಗಿಗೆ ಬಡಿದರೆ ಸಾಕು, ಕ್ರಿಸ್‌ಮಸ್ ಹತ್ತಿರ ಬಂದ ಚಳಿಯ ಬೆಳಗು, ಮೊಣಕಾಲ ತನಕ ಸೀರೆ ಎತ್ತಿಕಟ್ಟಿದ ನಮ್ಮ ಆಯಿ, ಅವಳು ತಿಕ್ಕುವ ಚರ್ಚಿನ ಎರಡು ಗಂಟೆಗಳು, ಎಲ್ಲ ಕಣ್ಣೆದುರು ಬಂದು ನಿಲ್ಲುತ್ತವೆ. ಆಯಿ ಅಂದರೆ ನಮ್ಮಪ್ಪನ ತಾಯಿ, ಸುಂದರಮ್ಮ. ವಾಡಿಯಿಂದ ರಾವೂರ ಕಡೆ ಹೋಗುವಾಗ ಸಿಗುವ ನಮ್ಮೂರಿನ ಸಣ್ಣ ಚರ್ಚಿನ ಗಂಟೆ ಬಾರಿಸುವುದು ಅವಳ ಕೆಲಸ. ಅಜ್ಜ ಮಾಡುತ್ತಿದ್ದ ಕೆಲಸ ಅದು. ಅವನು ಹೋದ ಮೇಲೆ ಯಾರೂ ಆಕೆಯನ್ನು ಕೇಳಲಿಲ್ಲ, ಆಕೆಯೂ ಯಾರನ್ನೂ ಕೇಳಲಿಲ್ಲ, ಮರುದಿನ ಹೋಗಿ ಹಗ್ಗ ಹಿಡಿದಳು ಅಷ್ಟೇ.

ಚರ್ಚಿನ ಅಂಗಳದಲ್ಲೇ ನಮ್ಮ ಮನೆ. ಗೋಡೆ ಕಲ್ಲು, ನೆಲಕ್ಕೆ ಖಣಿಯ ಚಪ್ಪಟೆ ಪರಸಿ ಕಲ್ಲು, ಮಾಳಿಗೆಗೂ ಪರಸಿ ಕಲ್ಲು. ಬೇಸಿಗೆಯಲ್ಲಿ ಒಲೆಯ ಮೇಲಿನ ಹಂಚಿಗೂ ಮನೆಗೂ ಭಾಳ ಫರಕು ಇರುತ್ತಿರಲಿಲ್ಲ. ಒಳಗೆ ಅಪ್ಪ, ಅವ್ವ, ನಾನು, ಅಪ್ಪನ ತಂಗಿ, ಇನ್ನೂ ಮದುವೆಯಾಗದ ಕರುಣತ್ತಿ, ಮತ್ತು ಆಯಿ. ಪುಂಡಿಪಲ್ಯ ಕುದಿಯುವ ವಾಸನೆ, ರೊಟ್ಟಿ ಬಡಿಯುವ ಸಪ್ಪಳ, ಖಣಿಯಿಂದ ಬಂದ ಅಪ್ಪ ಅಂಗಿ ಝಾಡಿಸಿದರೆ ಹಾರುವ ಕಲ್ಲಿನ ಪುಡಿ. ಆ ಮನೆ ಈಗಿಲ್ಲ, ಅಲ್ಲಿ ಸಭೆಯ ಹಾಲ್ ಎದ್ದಿದೆ. ಹಾಲ್ ಚೆಂದವೇ ಇದೆ, ಸುಳ್ಳು ಯಾಕೆ ಹೇಳಲಿ. ಆದರೆ ಅದರ ಟೈಲ್ಸಿನ ಮೇಲೆ ಕಾಲಿಟ್ಟಾಗಲೆಲ್ಲ ಇಲ್ಲಿ ಒಲೆ ಇತ್ತು, ಇಲ್ಲಿ ಆಯಿಯ ಹಾಸಿಗೆ ಇತ್ತು ಅಂತ ನನ್ನ ಕಾಲುಗಳೇ ಹೇಳುತ್ತವೆ.

ಗಂಟೆಗಳು ವಾಡಿ ಸ್ಟೇಷನ್ನಿಗೆ ರೈಲಿನಲ್ಲಿ ಬಂದವಂತೆ. ಅಲ್ಲಿಂದ ಎತ್ತಿನ ಗಾಡಿ. ದಾರಿಯುದ್ದಕ್ಕೂ ದೊಡ್ಡದು ತಾನಾಗಿಯೇ ಠಣ್ ಠಣ್ ಅನ್ನುತ್ತ ಬಂತಂತೆ, ಹೊಲದಲ್ಲಿದ್ದವರೆಲ್ಲ ಕೆಲಸ ಬಿಟ್ಟು ಗಾಡಿಯ ಹಿಂದೆ ಬಂದರಂತೆ. ಆಯಿ ಇದನ್ನು ಹೇಳುವಾಗ ತಾನೇ ಗಾಡಿ ಹೊಡೆದುಕೊಂಡು ಬಂದವಳಂತೆ ಹೇಳುತ್ತಿದ್ದಳು, ಅವಳು ಹುಟ್ಟುವ ಮೊದಲಿನ ಮಾತದು. ಆರಾಧನೆಗೆ ಎರಡೂ ಗಂಟೆ ಕೂಡಿ ಬಾರಿಸಬೇಕು. ಯಾರಾದರೂ ತೀರಿದರೆ ದೊಡ್ಡದೊಂದೇ. ಅದಕ್ಕೊಂದು ರೀತಿ ಇತ್ತು: ಒಂದು ಸಲ ಹಗ್ಗ ಜಗ್ಗಬೇಕು, ಆ ನಾದ ಪೂರ್ತಿ ಆರುವ ತನಕ ಸುಮ್ಮನೆ ನಿಲ್ಲಬೇಕು, ಆಮೇಲೆ ಇನ್ನೊಂದು. "ಹೋಗೋರಿಗೆ ಅವಸರ ಮಾಡಬಾರದವ್ವ," ಅನ್ನುತ್ತಿದ್ದಳು. ಆ ಗಂಟೆ ಕೇಳಿದರೆ ಯಾವ ಜಾತಿಯವರಿರಲಿ, ಕೈಯಾಗಿನ ಕೆಲಸ ಬಿಟ್ಟು ಹೊರಗೆ ಬಂದು "ಯಾರ್ ಹೋದ್ರು?" ಅಂತ ಕೇಳುವುದು ನಮ್ಮೂರಿನ ಪದ್ಧತಿ. ಎದುರು ಮನೆಯ ಮಹಿಬೂಬಬೀ ಖಾಲಾ ಎಲ್ಲರಿಗಿಂತ ಮೊದಲು ಬರುತ್ತಿದ್ದಳು. ಆಯಿಗೂ ಆಕೆಗೂ ಹಗಲೆಲ್ಲ ಜಗಳ, ಸಂಜೆಗೆ ಒಂದೇ ತಾಟಿನಲ್ಲಿ ಶೇಂಗಾ ಸುಲಿಯೋದು.

ಒಂದು ಮಳೆಗಾಲಕ್ಕೆ ಗಂಟೆ ತೂಗುವ ಕಟ್ಟಿಗೆಯ ತೊಲೆ ನೆನೆದು ಕೊಳೆತು ಲಡ್ಡಾಯಿತು. ನಮ್ಮದು ಸಿಮೆಂಟಿನ ಸೀಮೆ ನೋಡ್ರಿ, ಮಾಳಿಗೆ ಸೋರಿದರೂ ಸಿಮೆಂಟು, ಬಚ್ಚಲ ಒಡೆದರೂ ಸಿಮೆಂಟು. ಊರಿನ ಗಂಡಸರು ಭಕ್ತಿಯಿಂದಲೇ ಕೂಡಿ ಕಾಂಕ್ರೀಟಿನ ತೊಲೆ ಹಾಕಿದರು. ಗಂಟೆಗಳು ಮತ್ತೆಂದೂ ಅಲುಗಾಡಬಾರದು ಅಂತ ಎರಡರ ನೆತ್ತಿಯನ್ನೂ ಸಿಮೆಂಟಿನಲ್ಲಿ ಹೂತು, ಹೆಗಲ ತನಕ ಗಿಲಾಯಿ ಮಾಡಿ ನುಣ್ಣಗೆ ಸವರಿಬಿಟ್ಟರು. ಮರುದಿನ ಆಯಿ ದೊಡ್ಡದರ ಹಗ್ಗ ಜಗ್ಗಿದಳು. ಠಪ್ ಅಂತು. ಇನ್ನೊಮ್ಮೆ ಜಗ್ಗಿದಳು, ಮತ್ತೆ ಠಪ್. ಸಣ್ಣದರ ದನಿಯೂ ಮಂಕಾಗಿತ್ತು. "ದೊಡ್ಡದು ಒಡದದ, ಇಳಸೂ ಮುಂದ ಪೆಟ್ಟು ಬಿದ್ದದ," ಅಂದರು ಗಂಡಸರು. ಆಯಿ ಹಗ್ಗ ಸುತ್ತಿ ಮೊಳೆಗೆ ಹಾಕಿ ಮನೆಗೆ ಬಂದು ಗೋಡೆ ಕಡೆ ಮುಖ ಮಾಡಿ ಮಲಗಿದಳು. ಆಮೇಲೆ ಮೈಕು ಬಂತು. ಮೈಕಿನಲ್ಲಿ ಯಾವುದೋ ಊರಿನ ಗಂಟೆಯ ರೆಕಾರ್ಡು.

ಆ ಮೂಕ ಗಂಟೆಯ ಕಾಲದಲ್ಲೇ ಆಯಿ ತೀರಿಕೊಂಡಳು. ಊರಿನ ಎಷ್ಟೋ ಮಂದಿಯನ್ನು ಗಂಟೆ ಬಾರಿಸಿ ಕಳಿಸಿದವಳನ್ನು ನಾವು ಸದ್ದಿಲ್ಲದೆ ಒಯ್ದು ಮಣ್ಣು ಮಾಡಿದೆವು. ಅವತ್ತು ಕರೆಂಟು ಇರಲಿಲ್ಲ, ಮೈಕೂ ಇಲ್ಲ. ಕರುಣತ್ತಿ ಅಳಲಿಲ್ಲ. ಸಮಾಧಿಯಿಂದ ಬಂದವಳೇ ಗಂಟೆಯ ಕೆಳಗೆ ನಿಂತು, "ಅವ್ವಗ ಗಂಟಿ ಬಾರಸೇ ಬಾರಸ್ತೀನಿ, ನಾನು ಸಾಯೂದ್ರೊಳಗ," ಅಂದಳು. ದುಃಖದ ಮಾತು, ಮರೆಯುತ್ತಾಳೆ ಅಂದುಕೊಂಡೆವು. ನಮ್ಮ ಅತ್ತಿ ಎಂಥವಳು ಅಂತ ಗೊತ್ತಿದ್ದೂ ಹಾಗೆ ಅಂದುಕೊಂಡದ್ದು ನಮ್ಮ ದಡ್ಡತನ.

ಮೊನ್ನೆ ಮೊನ್ನೆ ಸಭೆಯ ಹಿರಿಯರು ಒಂದು ಠರಾವು ಮಾಡಿದರು: ಒಡೆದ ದೊಡ್ಡ ಗಂಟೆಯನ್ನು ಕರಗಿಸಲು ಕೊಟ್ಟು ಹೊಸದು ತರೋದು. ಸುದ್ದಿ ಕೇಳಿದ ಅತ್ತಿ ಶಹಾಬಾದಿನ ಗಂಡನ ಮನೆಯಿಂದ ಬಸ್ಸು ಹತ್ತಿ ಬಂದಳು. ತಲೆ ಪೂರಾ ಬೆಳ್ಳಗಾಗಿದೆ, ದನಿ ಮಾತ್ರ ಹಾಗೇ ಇದೆ. ಕೈಯಲ್ಲಿ ಆಯಿಯ ಹಿತ್ತಾಳೆ ತಂಬಿಗೆ. ರಜೆಗೆ ಬಂದಿದ್ದ ನಾನೂ ಅವಳ ಹಿಂದೆ ಹಿರಿಯರು ಕೂಡಿದ್ದಲ್ಲಿಗೆ ಹೋದೆ. ಎಲ್ಲರ ಮುಂದೆ ತಂಬಿಗೆಯನ್ನು ಎರಡೂ ಕೈಯಲ್ಲಿ ಅವುಚಿ ಹಿಡಿದು "ಬಾರಸ್ರಿ" ಅಂದಳು. ಪಾಸ್ಟರ್ ಬೆರಳು ಮಡಚಿ ಬಡಿದರು. ಠಪ್. ಆಮೇಲೆ ಅತ್ತಿ ತಂಬಿಗೆಯ ಕೊರಳಿಗೆ ದಾರ ಕಟ್ಟಿ ತೂಗಿಬಿಟ್ಟು ತಾನೇ ಬಡಿದಳು, ಠಣ್ ಅಂತು. "ಕುತ್ತಿಗಿ ಹಿಚುಕಿ ಹಾಡು ಅಂದ್ರ ಯಾರು ಹಾಡ್ತಾರ್ರಿ? ಮೊದಲು ಸಿಮಿಟ್ ತಗೀರಿ. ಆಮ್ಯಾಲ ಒಡದಿದ್ರ ನಾನೇ ಗಾಡಿಗಿ ಹಾಕಿ ಕಳಸ್ತೀನಿ."

ಮಷೀನ್ ಹಚ್ಚಿ ತೆಗೆಯೋಣ ಅಂದರು ಒಬ್ಬರು, ಆಸಿಡ್ ಹಾಕೋಣ ಅಂದರು ಇನ್ನೊಬ್ಬರು. ಅತ್ತಿ ಎರಡಕ್ಕೂ ಒಪ್ಪಲಿಲ್ಲ. ತೊಲೆ ಕೊಯ್ದು ಗಂಟೆ ಇಳಿಸಿ, ಚರ್ಚಿನ ಪರಸಿಯ ಮೇಲೆ ಗೋಣಿಚೀಲ ಹಾಸಿ ಕೂಡಿಸಿದರು. ಸಣ್ಣ ಉಳಿ, ಸಣ್ಣ ಸುತ್ತಿಗೆ, ನೆನೆಸಿದ ಚೀಲ. ಸಣ್ಣ ಗಂಟೆ ಬೇಗ ಬಿಟ್ಟುಕೊಟ್ಟಿತು. ದೊಡ್ಡದು ಭಾಳ ಹಟಮಾರಿ, ಅತ್ತಿ ಅದಕ್ಕಿಂತ ಹಟಮಾರಿ. ನಾವು ಹೆಣ್ಣುಮಕ್ಕಳೆಲ್ಲ ಪಾಳಿ ಹಚ್ಚಿ ಕುಂತೆವು, ಬೆರಳಿಗೆ ಬೊಬ್ಬೆ ಎದ್ದವು, ಅತ್ತಿ ಮಾತ್ರ ಊಟಕ್ಕೂ ಏಳಲಿಲ್ಲ. ಕಡೆಯ ಚೂರು ಕಳಚಿದಾಗ ಗಂಟೆಯ ಹೆಗಲ ಮೇಲೆ ಕಪ್ಪನೆ ಒಂದು ಗೆರೆ ಕಂಡಿತು. "ನೋಡ್ರಿ, ಬಿರುಕು. ನಾವು ಅಂದಿದ್ದಿಲ್ಲೇನು?" ಅಂದರು ಹಿರಿಯರು. ಅತ್ತಿಯ ಮುಖ ಸುಣ್ಣವಾಯಿತು. ಆದರೂ ಅವಳು ಎದ್ದು ಹೋಗಿ ಹುಣಸೆಹಣ್ಣು ತಂದಳು. ಆಯಿ ಕ್ರಿಸ್‌ಮಸ್ಸಿಗೆ ತಿಕ್ಕುತ್ತಿದ್ದ ಹಾಗೆ, ಬೂದಿ ಬೆರೆಸಿ, ಅಂಗೈ ಒತ್ತಿ ತಿಕ್ಕಿದಳು. ಅದೇ ವಾಸನೆ ಎದ್ದಿತು. ತಿಕ್ಕಿದಳು, ತೊಳೆದಳು, ಮತ್ತೆ ತಿಕ್ಕಿದಳು. ಗೆರೆ ತೆಳ್ಳಗಾಯಿತು, ತುಂಡು ತುಂಡಾಯಿತು, ಹೋಯಿತು. ಸಿಮೆಂಟಿನ ಅಂಚು ಕಚ್ಚಿ ಉಳಿದ ಕಲೆ ಅದು. ಅತ್ತಿ ಗಂಟೆಗೆ ಕೆನ್ನೆ ಹಚ್ಚಿ ಅವತ್ತು ಅತ್ತಳು, ಸಣ್ಣ ಮಗುವಿನ ಹಾಗೆ, ಎಲ್ಲರ ಮುಂದೆ.

ಕಬ್ಬಿಣದ ತೊಲೆಗೆ ಬೋಲ್ಟು ಹಾಕಿ ಎರಡನ್ನೂ ತೂಗಿಬಿಟ್ಟದ್ದು ಒಂದು ಮಧ್ಯಾಹ್ನ. ಮೊದಲ ಗಂಟೆ ಭಾನುವಾರದ ಆರಾಧನೆಗೆ ಬಾರಿಸೋಣ ಅಂದರು ಪಾಸ್ಟರ್. "ಮೊದಲು ನಮ್ಮವ್ವಂದು," ಅಂದಳು ಅತ್ತಿ.

"ಯಾರೂ ತೀರಿಲ್ಲಮ್ಮ. ಸಾವಿನ ಗಂಟಿ ಹೊಡದ್ರ ಊರು ಗಾಬರಿ ಆಗ್ತದ."

"ಆಗಲ್ರಿ. ಅವತ್ತು ಆಗಬೇಕಿತ್ತು, ಆಗಲಿಲ್ಲ. ಇವತ್ತ ಆಗಲಿ."

ಪಾಸ್ಟರ್ ದಾರಿ ಬಿಟ್ಟರು. ಅತ್ತಿ ಸೆರಗು ಸಿಕ್ಕಿಸಿ ದೊಡ್ಡ ಗಂಟೆಯ ಹಗ್ಗ ಜಗ್ಗಿದಳು. ಅಬ್ಬಾ, ಆ ದನಿ! ಕಾಲ ಕೆಳಗಿನ ಪರಸಿ ಕಲ್ಲಿಗೂ ಅದು ಮುಟ್ಟಿತು. ಪೂರ್ತಿ ಆರುವ ತನಕ ಅತ್ತಿ ಕಾದಳು. ಇನ್ನೊಮ್ಮೆ ಜಗ್ಗಿದಳು. ಓಣಿಯ ಬಾಗಿಲುಗಳು ತೆರೆದವು. ಮಂದಿ ಒಬ್ಬೊಬ್ಬರಾಗಿ ಬಂದು ಅಂಗಳದಲ್ಲಿ ನಿಂತರು. ಎಲ್ಲರಿಗಿಂತ ಮೊದಲು, ಗೋಡೆ ಹಿಡಿದು ಹಿಡಿದು, ಕೈಗೆ ಮೆತ್ತಿದ ಹಿಟ್ಟಿನ ಸಮೇತ ಮಹಿಬೂಬಬೀ ಖಾಲಾ ಬಂದಿದ್ದಳು.

"ಯಾ ಅಲ್ಲಾ! ಯಾರ್ ಹೋದ್ರವ್ವಾ?"

"ನಮ್ಮವ್ವ, ಖಾಲಾ," ಅಂದಳು ಅತ್ತಿ.

ಖಾಲಾ ಬೈಯುತ್ತಾಳೆ ಅಂದುಕೊಂಡೆ. ಆಯಿಯ ಮಣ್ಣಿಗೆ ಆಕೆಯೂ ಬಂದಿದ್ದಳಲ್ಲ. ಆಕೆ ಗಂಟೆಯನ್ನು ನೋಡಿದಳು, ಅತ್ತಿಯನ್ನು ನೋಡಿದಳು, ಸೆರಗನ್ನು ತಲೆ ಮೇಲೆ ಎಳೆದುಕೊಂಡು ಅಲ್ಲೇ ಕಲ್ಲಿನ ಮೇಲೆ ಕುಸಿದು ಕುಂತಳು. "ಈಗ ಹೋದ್ಳು ನೋಡು ನಮ್ ಸುಂದ್ರಮ್ಮ," ಅಂತ ದನಿ ತೆಗೆದು ಅತ್ತಳು. ಅತ್ತಿ ಹಗ್ಗ ಹಿಡಿದು ನಿಂತೇ ಇದ್ದಳು. ನಾದ ಇನ್ನೂ ಆರಿರಲಿಲ್ಲ.