ಕೆಂಪು ಹೋದ ಮೇಲೆ

ಸೌತ್ ಸ್ಯಾನ್ ಫ್ರಾನ್ಸಿಸ್ಕೋದ ನಮ್ಮ ಲ್ಯಾಬಿನೊಳಗೆ ಹೊರಗಿನವರನ್ನು ಬಿಡುವಂತಿಲ್ಲ. ಆದರೂ ಅವತ್ತು ಆಕೆಯನ್ನು ಬಿಟ್ಟೆ. ಮಂಡ್ಯದ ಕಡೆಯವರು. ಕ್ರೇನಿನ ಬೋಲ್ಟು ಮುರಿದು ಗಂಡ ತೀರಿಕೊಂಡು ಎರಡು ತಿಂಗಳಾಗಿತ್ತು. ಲಾಯರು ಕೊಟ್ಟ ಬೋಲ್ಟಿನ ಚೂರನ್ನು ತಾವೇ ತಂದಿದ್ದರು.

ಅಂಥ ಬೋಲ್ಟಿನ ಉಕ್ಕಿನಲ್ಲಿ ಗಟ್ಟಿತನಕ್ಕೆ ಮಾಲಿಬ್ಡಿನಮ್ ಅನ್ನುವ ಲೋಹ ಒಂದಿಷ್ಟಾದರೂ ಇರಬೇಕು. ನಮ್ಮಲ್ಲಿ ಮೆಷಿನ್ ಇದೆ, ಆದರೆ ಕೋರ್ಟಿಗೆ ಹೋಗುವ ಸ್ಯಾಂಪಲ್ ಅಂದರೆ ನಾನು ಹಳೇ ಪದ್ಧತಿಯಲ್ಲೂ ಬಣ್ಣ ಬರಿಸಿ ನೋಡುತ್ತೇನೆ. ಚೂರನ್ನು ಆಸಿಡ್‌ನಲ್ಲಿ ಕರಗಿಸಿ ಥಯೋಸಯನೇಟ್ ಅನ್ನುವ ದ್ರಾವಣ ಹಾಕಿದೆ. ಫ್ಲಾಸ್ಕಿನಲ್ಲಿದ್ದದ್ದು ರಕ್ತದಂತೆ ಕೆಂಪಾಯಿತು.

“ಇದೆಯಲ್ಲ ಸಾರ್,” ಅಂದರು ಆಕೆ, ಉಸಿರು ಬಿಟ್ಟು.

“ಅದು ಕಬ್ಬಿಣದ ಬಣ್ಣ ಮೇಡಂ. ಇನ್ನೊಂದು ದ್ರಾವಣ ಹಾಕಿದರೆ ಹೋಗುತ್ತೆ. ಮಾಲಿಬ್ಡಿನಮ್ ಇದ್ದರೆ ಕಿತ್ತಳೆ ಬಣ್ಣ ಉಳಿಯುತ್ತೆ.”

ಹಾಕಿದೆ. ಕೆಂಪು ಹೋಯಿತು. ಉಳಿದದ್ದು ನೀರಿನ ಹಾಗಿತ್ತು.

ಸಮಾಧಾನಕ್ಕೆ ಅಂತ, “ಬೋಲ್ಟು ಮಾರಿದವರದೇ ತಪ್ಪು. ಕೇಸು ನಿಮ್ಮ ಪರವಾಗೇ ಆಗುತ್ತೆ,” ಅಂದೆ.

ಆಕೆ ಫ್ಲಾಸ್ಕಿನಿಂದ ಕಣ್ಣು ತೆಗೆಯಲಿಲ್ಲ. “ಬೋಲ್ಟು ಬಂದಾಗ ಟೆಸ್ಟ್ ಮಾಡಿಸಬೇಕಾಗಿದ್ದವರು ನಮ್ಮನೆಯವರೇ ಸಾರ್. ಮಾಡಿಸಿದೀನಿ ಅಂತ ಸೈನ್ ಹಾಕಿದಾರೆ. ಅವರ ಜೊತೆ ಇನ್ನೊಬ್ಬ ಹುಡುಗನೂ ತೀರಿಹೋದ. ಬಣ್ಣ ಉಳೀಲಿ ಅಂತ ಬೇಡ್ಕೋತಿದ್ದೆ.”

ಅವರನ್ನು ಕಾರಿನ ತನಕ ಬಿಟ್ಟು ಬಂದು ರಿಪೋರ್ಟು ಬರೆಯಲು ಕೂತೆ. ಕೊನೆಯಲ್ಲಿ ಒಂದು ಪ್ರಶ್ನೆ ಇರುತ್ತದೆ: ಪರೀಕ್ಷೆಯ ವೇಳೆ ಹೊರಗಿನವರು ಯಾರಾದರೂ ಇದ್ದರೇ? ಇಲ್ಲ ಅಂತ ಬರೆದು ಸೈನ್ ಹಾಕಿದೆ. ಕೈ ಒಂಚೂರೂ ತಡೆಯಲಿಲ್ಲ.