ಗಾಳೆಮ್ಮನ ಗಂಡನ ಗುರುತು

ಮನೆಯ ಹಿಂದಿನ ಸಂಪು ತೊಳೆಯಲು ಬೆಳಿಗ್ಗೆ ಇಬ್ಬರು ಬಂದಿದ್ದಾರೆ. ಮುಚ್ಚಳ ತೆಗೆದದ್ದೇ ತಡ, ಕಪ್ಪು ಹೂಳಿನ ವಾಸನೆ ನಡುಮನೆ ದಾಟಿ ನಾನು ಚಹಾ ಕುಡಿಯುತ್ತಿದ್ದಲ್ಲಿಗೆ ಬಂತು. ನೀವಾದರೆ ಮೂಗು ಮುಚ್ಚಿಕೊಳ್ಳುತ್ತೀರಿ, ಅದೇ ಸರಿ. ನನಗೆ ಮಾತ್ರ ಈ ವಾಸನೆ ಬಂದಾಗಲೆಲ್ಲ ಒಬ್ಬ ಹೆಂಗಸಿನ ನೆನಪಾಗುತ್ತದೆ. ಬೇರೆಯವರಿಗೆ ಮಲ್ಲಿಗೆಯಿಂದಲೋ ಸಂಪಿಗೆಯಿಂದಲೋ ಆಗುವ ಕೆಲಸ ನನಗೆ ಕೊಳೆತ ಕೆಸರಿನಿಂದ ಆಗುತ್ತದೆ. ನಮ್ಮ ನಮ್ಮ ಅದೃಷ್ಟ.

ಎಂಬತ್ತರ ದಶಕದ ಶುರುವಿನಲ್ಲಿ ನಾನು ಹೊಸಹಳ್ಳಿಯಿಂದ ಒಳಗಿದ್ದ ಸಣ್ಣ ಊರೊಂದರಲ್ಲಿ ಪ್ರೈಮರಿ ಶಾಲೆ ಮೇಷ್ಟ್ರಾಗಿದ್ದೆ. ಹೊಸ ನೌಕರಿ, ಇಸ್ತ್ರಿ ಮಾಡಿದ ಅಂಗಿ, ಜೇಬಿನಲ್ಲಿ ಎರಡು ಪೆನ್ನು. ಎರಡನೆಯದು ಬರೆಯುತ್ತಿರಲಿಲ್ಲ, ಆದರೂ ಇರುತ್ತಿತ್ತು. ಊರಿನವರು ಹೊಲ ಮತ್ತು ಕುರಿ ನೆಚ್ಚಿಕೊಂಡವರು. ಊರಾಚೆ ಬಳ್ಳಾರಿ ಜಾಲಿಯೊಳಗೆ ಮುಚ್ಚಿಹೋಗಿದ್ದ ಪಾಳು ಬಾವಿಯ ಹೂಳು ತೆಗೆದು ಕುರಿಗಳಿಗಾದರೂ ನೀರು ಮಾಡೋಣವೆಂದು ಹಿರಿಯರು ಒಂದು ಬೇಸಿಗೆಯಲ್ಲಿ ತೀರ್ಮಾನಿಸಿದರು. ಕೆಲಸ ಮುಕ್ಕಾಲು ಮುಗಿದಿತ್ತು, ಪುಟ್ಟಿಯೊಳಗೆ ಹೂಳಿನ ಜೊತೆ ಒಂದು ತಲೆಬುರುಡೆ ಮೇಲೆ ಬಂತು.

ಪೊಲೀಸ್ ದಫೇದಾರರು ಬಂದರು. ಪಂಚನಾಮೆಗೆ ಓದುಬರಹ ಬಲ್ಲ ಸಾಕ್ಷಿ ಬೇಕೆಂದರು. ಯಾರೂ ನನ್ನ ಹೆಸರು ಹೇಳುವ ಮೊದಲೇ ನಾನು ಒಂದು ಹೆಜ್ಜೆ ಮುಂದೆ ಇಟ್ಟಿದ್ದೆ. ಗೋಣಿಚೀಲದ ಮೇಲೆ ಹರಡಿದ ಎಲುಬುಗಳನ್ನು ಕಂಡೊಡನೆ ಅಷ್ಟೇ ಬೇಗ ಜಾಲಿಯ ಮರೆಗೆ ಹೋಗಿ, ಬಾಯಿ ಒರೆಸಿಕೊಂಡು ಬಂದೆ. ಆಸ್ಪತ್ರೆಯ ಡಾಕ್ಟರು ಬಂದು ನೋಡಿ, ಇದು ಗಂಡಸಿನದು, ವಯಸ್ಸಾದವನಲ್ಲ, ತೊಡೆಯ ಎಲುಬು ಮುರಿದಿದೆ, ಬಿದ್ದು ಸತ್ತಿರಬೇಕು, ಸತ್ತು ಬಹಳ ವರ್ಷವಾಗಿದೆ ಎಂದರು. ಯಾರೆಂದು ಎಲುಬು ಹೇಳುವುದಿಲ್ಲ, ಅದನ್ನು ನೀವೇ ಹೇಳಬೇಕು ಎಂದು ಜೀಪು ಹತ್ತಿದರು.

ಸೊಂಟದ ಎಲುಬಿನ ಜೊತೆ ಒಂದು ಬೆಳ್ಳಿ ಉಡದಾರ ಸಿಕ್ಕಿತ್ತು, ಇದ್ದಿಲಿನಷ್ಟು ಕಪ್ಪಾಗಿ. ನಮ್ಮ ಕಡೆ ಗಂಡಸು ಬದುಕಿರುವಷ್ಟು ಕಾಲ ಉಡದಾರವಿಲ್ಲದೆ ಇರುವುದಿಲ್ಲ, ಮಣ್ಣು ಮಾಡುವಾಗ ಅದನ್ನು ಹರಿಯುತ್ತಾರೆ. ಇದು ಹರಿಯದೆ ಹಾಗೇ ಉಳಿದಿತ್ತು. ಯಾರೋ ಹುಣಸೆಹಣ್ಣು ಹಚ್ಚಿ ಉಜ್ಜಿದರು. ಬೆಳ್ಳಿಯ ನಡುವೆ ಬೇರೆ ನಮೂನೆಯ ಒಂದು ತುಂಡು, ಅದರಲ್ಲಿ ಎರಡು ಪುಟ್ಟ ಗೆಜ್ಜೆ. ಸುತ್ತ ನಿಂತಿದ್ದ ಹಿರಿಯರಲ್ಲೊಬ್ಬರು ತಲೆಯ ರುಮಾಲು ತೆಗೆದರು.

ಆ ಗೆಜ್ಜೆಯ ಕಥೆ ಊರಿಗೆಲ್ಲ ಗೊತ್ತಿದ್ದದ್ದೇ. ಬೀರಪ್ಪ ಎಂಬವನ ಮದುವೆಯಲ್ಲಿ ಹೆಣ್ಣಿನ ಕಡೆಯವರು ಅಳಿಯನಿಗೆ ಉಡದಾರ ತಂದಿದ್ದರು. ಅಳತೆ ಕೇಳಲು ನಾಚಿಕೆಪಟ್ಟು, ಹೆಣ್ಣಿನ ಅಣ್ಣನ ಸೊಂಟಕ್ಕೆ ಹಿಡಿದು ಕೊಟ್ಟೂರಿನಲ್ಲಿ ಮಾಡಿಸಿದ್ದರು. ಅಣ್ಣನೋ ಕಡ್ಡಿ, ಬೀರಪ್ಪನೋ ಕಣಜ. ಹಂದರದ ಕೆಳಗೆ ಎಷ್ಟು ಎಳೆದರೂ ಕೊಂಡಿ ಕೂಡಲಿಲ್ಲ. ಕೊನೆಗೆ ಹೆಣ್ಣಿನ ಅಜ್ಜಿ, ಮದುಮಗಳು ಕೂಸಾಗಿದ್ದಾಗ ಹಾಕಿದ್ದ ಕಾಲ್ಗೆಜ್ಜೆಯ ತುಂಡೊಂದನ್ನು ನಡುವೆ ಸೇರಿಸಿ ಮಾನ ಉಳಿಸಿದಳಂತೆ. ಅಂದಿನಿಂದ ಬೀರಪ್ಪ ನಡೆದರೆ ಸಣ್ಣಗೆ ಸದ್ದು. ಮನೆಯ ಹೋತ ಬಂತು ಎಂದು ಗೆಳೆಯರು ನಗುತ್ತಿದ್ದರಂತೆ.

ಆ ಮದುಮಗಳೇ ಗಾಳೆಮ್ಮ. ನಾನು ನೋಡುವ ಹೊತ್ತಿಗೆ ಅವಳಿಗೆ ನಲವತ್ತರ ಆಸುಪಾಸು. ಮದುವೆಯಾಗಿ ಎರಡು ವರ್ಷಕ್ಕೆ ಬೀರಪ್ಪ ಟಗರು ಮಾರಲು ಕೊಟ್ಟೂರಿಗೆ ಹೋದವನು ತಿರುಗಿ ಬಂದಿರಲಿಲ್ಲ. ದಾವಣಗೆರೆಯಲ್ಲಿ ಮಿಲ್ಲಿನ ಹತ್ತಿರ ಯಾವಳ ಜೊತೆಗೋ ಇದ್ದದ್ದನ್ನು ಕಂಡೆ ಎಂದು ಒಬ್ಬ ಹೇಳಿದ. ಕಂಡವನು ಒಬ್ಬ, ಹೇಳಿದವರು ಊರೆಲ್ಲ. ಹಾಗಾಗಿ ಯಾರೂ ಬಾವಿ, ಹಳ್ಳ ಎಂದು ಹುಡುಕಲೇ ಇಲ್ಲ. ಇಪ್ಪತ್ತು ವರ್ಷ ಗಾಳೆಮ್ಮ ಗಂಡ ಬಿಟ್ಟವಳಾಗಿ ಬದುಕಿದಳು. ಕುಂಕುಮ, ಬಳೆ ಎಲ್ಲ ಇದ್ದವು, ಆದರೆ ಮದುವೆಮನೆಯಲ್ಲಿ ಆರತಿ ಹಿಡಿಯಲು ಅವಳನ್ನು ಯಾರೂ ಕರೆಯುತ್ತಿರಲಿಲ್ಲ. ಕೂಡಿಕೆ, ಅಂದರೆ ಎರಡನೆಯ ಮದುವೆ, ಮಾಡಿಸಲು ತವರಿನವರು ಬಂದರೆ, ಮಗ ಬದುಕಿರುವಾಗ ಎಂಥ ಕೂಡಿಕೆ ಎಂದು ಅತ್ತೆ ನಿಂಗಜ್ಜಿ ಅವರನ್ನು ಬಾಗಿಲಲ್ಲೇ ತಿರುಗಿಸಿದ್ದಳಂತೆ.

ದಫೇದಾರರು ಅತ್ತೆ ಸೊಸೆ ಇಬ್ಬರನ್ನೂ ಕರೆಸಿದರು. ನಿಂಗಜ್ಜಿಗೆ ಕಣ್ಣು ಹೋಗಿ ಬಹಳ ದಿನವಾಗಿತ್ತು. ಗಾಳೆಮ್ಮ ಕೈ ಹಿಡಿದು ತಂದು ಕೂರಿಸಿದಳು. ಉಡದಾರವನ್ನು ಮುದುಕಿಯ ಕೈಗೆ ಕೊಟ್ಟರು. ಅವಳ ಬೆರಳು ಕೊಂಡಿಯಿಂದ ಶುರುವಾಗಿ ನಿಧಾನ ಸರಿಯುತ್ತ ಗೆಜ್ಜೆಯ ಹತ್ತಿರ ಬಂದು ನಿಂತಿತು.

“ಇದು ನನ್ನ ಮಗಂದಲ್ಲ,” ಎಂದಳು. “ನನ್ನ ಮಗ ದಾವಣಗೆರ್ಯಾಗ ಅದಾನ.”

ತಾಯಿಗೆ ಮಗ ಕೆಟ್ಟವನಾದರೂ ಬದುಕಿರಬೇಕಿತ್ತು. ಹೆಂಡತಿಗೆ ಅವನು ಸತ್ತಿದ್ದರೂ ತನ್ನವನಾಗಿರಬೇಕಿತ್ತು. ಇಬ್ಬರ ನಡುವೆ ಆ ಗೋಣಿಚೀಲ. ಗಾಳೆಮ್ಮ ಬಾವಿಯನ್ನು ನೋಡಿದಳು, ಅದರ ಪಕ್ಕದಲ್ಲಿ ಕೊಟ್ಟೂರಿನಿಂದ ಊರ ಕಡೆಗೆ ಬರುವ ಕಾಲುದಾರಿಯನ್ನು ನೋಡಿದಳು. ಆಮೇಲೆ ಅತ್ತೆಯ ಕೈಯಿಂದ ಉಡದಾರ ಬಿಡಿಸಿಕೊಂಡಳು.

“ಇರ್ಲಿ ಬಿಡತ್ತಿ. ನಿನ್ನ ಮಗ ದಾವಣಗೆರ್ಯಾಗ ಇರ್ಲಿ. ಇವ ನನ್ನ ಗಂಡ. ಮನಿಗೆ ಬರಾಕತ್ತಿದ್ದ.”

ದಫೇದಾರರು ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ. ಹೆಂಡತಿ ಗುರುತಿಸಿದ್ದಾಳೆ ಎಂದು ಬರೆದೆವು. ಆಮೇಲೆ ಊರಿನಲ್ಲಿ ಅನೇಕರಿಗೆ, ಆ ವರ್ಷ ಬಾವಿಯ ಕಡೆಯಿಂದ ಸತ್ತ ನಾಯಿಯ ವಾಸನೆ ಬಂದಿದ್ದು ತಟಕ್ಕನೆ ನೆನಪಾಯಿತು.

ಎಲುಬುಗಳನ್ನು ಅವರ ಹೊಲದಲ್ಲೇ ಮಣ್ಣು ಮಾಡಿದರು. ದಾಯಾದಿಯೊಬ್ಬ ಉಡದಾರದ ಕೊಂಡಿ ಕಿತ್ತ. ನಿಂಗಜ್ಜಿ ಮನೆಯಲ್ಲೇ ಉಳಿದಳು. ಬಳೆ ಒಡೆಸಲು ಹೆಂಗಸರು ಬಂದಾಗ ಗಾಳೆಮ್ಮ ಕುಂಕುಮ ಅಳಿಸಿಕೊಂಡಳು, ತಾಳಿ ತೆಗೆದಿಟ್ಟಳು, ಕೈ ಮಾತ್ರ ಕೊಡಲಿಲ್ಲ. ಅತ್ತೆಗೆ ಕಣ್ಣಿಲ್ಲ, ಕಿವಿ ಇದೆ ಎಂದಷ್ಟೇ ಹೇಳಿದಳಂತೆ. ಹಟ ಹಿಡಿದು ವಿಧವೆಯಾದವಳು ಈಗ ಬಳೆ ಬಿಡಲೊಲ್ಲಳು ಎಂದು ಜನ ಆಡಿಕೊಂಡರು. ಬರಿ ಹಣೆ, ಕೈ ತುಂಬ ಹಸಿರು ಬಳೆ. ಪರವೂರಿನವರು ಅವಳನ್ನು ಏನೆಂದು ಮಾತಾಡಿಸಬೇಕೋ ತಿಳಿಯದೆ ತಡವರಿಸುತ್ತಿದ್ದರು. ಅತ್ತೆ ಮಾತ್ರ ದಾವಣಗೆರೆಗೆ ಹೋಗಿಬಂದವರನ್ನು ಮೊದಲಿನ ಹಾಗೆಯೇ ಮಗನ ಬಗ್ಗೆ ವಿಚಾರಿಸುತ್ತಿದ್ದಳು.

ಕೆಲವು ವರ್ಷ ಕಳೆದು ನನಗೆ ಹಗರಿಬೊಮ್ಮನಹಳ್ಳಿಗೆ ವರ್ಗವಾಯಿತು. ಹೇಳಿಹೋಗಲು ಅವರ ಮನೆಗೆ ಹೋದೆ. ನಿಂಗಜ್ಜಿ ಕಟ್ಟೆಯ ಮೇಲೆ ಬಿಸಿಲಿಗೆ ಕೂತಿದ್ದಳು. ಗಾಳೆಮ್ಮ ನೀರು ತಂದುಕೊಟ್ಟಳು. ಅವಳ ಕೈಗಳು ಬರಿದಾಗಿದ್ದವು. ನಾನು ನೋಡಿದ್ದನ್ನು ಅವಳು ನೋಡಿದಳು.

“ಮೊನ್ನಿ ರೊಟ್ಟಿ ಬಡಿಯಾಕತ್ತಿದ್ದೆ, ಮೇಷ್ಟ್ರೇ,” ಎಂದು ದನಿ ತಗ್ಗಿಸಿದಳು. “ಅತ್ತಿ ಒಳಗ ಬಂದು ಕುಂತ್ಲು. ‘ಸಾಕು ತಂಗಿ, ಇನ್ನ ಬಳಿ ತಗಿ. ಆವತ್ತ ನಾನೂ ಮುಟ್ಟಿ ನೋಡೀನಿ’ ಅಂದ್ಲು. ತಾನ ಒಂದೊಂದ ತಗದ್ಲು.”

ನೀರು ಕುಡಿದು, ಅಜ್ಜಿಯ ಕಾಲು ಮುಟ್ಟಿ ಬಂದೆ.

ಈಗ ನನ್ನ ಕಣ್ಣೂ ಮಂಜಾಗಿದೆ. ಬಳ್ಳಾರಿ ಆಸ್ಪತ್ರೆಯಲ್ಲಿರುವ ನನ್ನ ಅಣ್ಣ ಚೇತರಿಸಿಕೊಳ್ಳುತ್ತಿದ್ದಾನೆ ಎಂದು ಸೊಸೆ ದಿನವೂ ಹೇಳುತ್ತಾಳೆ. ಹೇಳುವ ಮೊದಲು ಅವಳು ಒಂದು ಗಳಿಗೆ ತಡೆಯುವುದು ನನಗೆ ಕೇಳಿಸುತ್ತದೆ. ಒಳ್ಳೆಯದಾಯಿತು ಎಂದು ನಾನೂ ದಿನವೂ ಅನ್ನುತ್ತ ಬಂದಿದ್ದೇನೆ. ಸಂಪಿನವರು ಹೋದ ಮೇಲೆ ಅವಳನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಳ್ಳಬೇಕು. ಸಾಕು ತಾಯಿ, ಅಣ್ಣನ ಸುದ್ದಿ ನನಗೆ ಗೊತ್ತಿದೆ ಎಂದು ಹೇಳಬೇಕು.